ಡೆಬ್ರಾಳನ್ನು ಅಡುಗೆಮನೆಗೆ ಅಟ್ಟಿದ ಪಂದ್ಯ

ಮೊನ್ನೆ ಶುಕ್ರವಾರ ಒಬ್ಬ ಅಮೆರಿಕನ್ ಹೆಂಗಸನ್ನು ಮನೆಗೆ ಕರೆದು, ಅಡುಗೆಮನೆಗೆ ಅಟ್ಟಿ, ಗೋಳಿಬಜೆ ಕರಿಯುವ ಕೆಲಸಕ್ಕೆ ಹಚ್ಚಿದೆ. ಹೊರಗೆ ಇಣುಕಿದರೆ ಗದರಿಸಿದೆ. ಅತಿಥಿಯನ್ನು ಹೀಗಾ ನೋಡಿಕೊಳ್ಳುವುದು ಅಂತ ಬೈಯಬೇಡಿ. ಪೂರ್ತಿ ಕೇಳಿ.

ಡೆಬ್ರಾ ಇಲ್ಲಿ ಗಲ್ಫ್‌ನ ಅಲ್ ಹಿಲಾಲ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲಾಟಿನವಳು. ಅವಳ ಗಂಡ, ನನ್ನ ಗಂಡ ಇಬ್ಬರೂ ಮೆಸಯೀದ್‌ನ ಒಂದೇ ಪ್ಲಾಂಟಿನಲ್ಲಿ ಇಂಜಿನಿಯರ್‌ಗಳು. ರಿಪೇರಿಗೆಂದು ಪ್ಲಾಂಟ್ ನಿಲ್ಲಿಸುವ ಶಟ್‌ಡೌನ್ ಬಂತೆಂದರೆ ಇಬ್ಬರಿಗೂ ಮನೆಯ ದಾರಿಯೇ ಮರೆತುಹೋಗುತ್ತದೆ. ಅವಳ ಮಗ ಕೈಲ್ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಆಡುತ್ತಾನೆ. ಆ ಸಂಜೆ ಅವನ ಟೀಮಿನ ಬೌಲ್ ಗೇಮ್ ಇತ್ತು. "ಒಬ್ಬಳೇ ಕೂತು ನೋಡೋಕೆ ಧೈರ್ಯ ಇಲ್ಲ" ಎನ್ನುತ್ತಾ ಲ್ಯಾಪ್‌ಟಾಪ್ ಹಿಡಿದು ನಮ್ಮಲ್ಲಿಗೆ ಬಂದಳು. ಮೇಲಿನ ಫ್ಲಾಟಿನ ಜುಬೇದಾಳೂ ಇಳಿದು ಬಂದಳು. (ಪುತ್ತೂರಿನವಳು. ಕರೆಯದೆಯೂ ಬರುತ್ತಾಳೆ. ಬರದಿದ್ದರೆ ನನಗೇ ಬೇಜಾರು.)

ಬೌಲ್ ಗೇಮ್ ಅಂದರೇನು? ನನಗೂ ಅವತ್ತೇ ಗೊತ್ತಾಗಿದ್ದು. ಸೀಸನ್ ಮುಗಿದ ಮೇಲೆ, ಚೆನ್ನಾಗಿ ಆಡಿದ ಕಾಲೇಜುಗಳನ್ನು ಕರೆದು ಆಡಿಸುವ ದೊಡ್ಡ ಪಂದ್ಯ. ಈ ಎರಡೂ ಟೀಮು ರ‍್ಯಾಂಕಿಂಗ್ ಪಟ್ಟಿಯಲ್ಲಿದ್ದವು. ಹೆಸರಿಗೆ ಫುಟ್‌ಬಾಲ್, ಆಡುವುದೆಲ್ಲ ಕೈಯಲ್ಲಿ. ಒದೆಯುವುದಕ್ಕೇ ಬೇರೆ ಒಬ್ಬ ಕಿಕ್ಕರ್ ಇರುತ್ತಾನೆ. ಎರಡು ಕಂಬಗಳ ನಡುವೆ ಚೆಂಡು ಹಾರಿಸಿದರೆ ಮೂರು ಪಾಯಿಂಟು. ಕೈಲ್ ಅಂಥ ಕಿಕ್ಕರ್.

ಆದರೆ ಹೋದ ವರ್ಷ ಡೆಬ್ರಾ ಸ್ಟೇಡಿಯಂನಲ್ಲಿ ಕೂತು ನೋಡುತ್ತಿದ್ದಾಗಲೇ ಅವನು ಬಿದ್ದು ಮಂಡಿಯ ಲಿಗಮೆಂಟ್ ಹರಿದುಕೊಂಡಿದ್ದ. ಸರ್ಜರಿ ಆಯಿತು. ಮತ್ತೆ ಮೊದಲಿನ ಹಾಗೆ ಒದೆಯುತ್ತಾನೋ ಇಲ್ಲವೋ, ಡಾಕ್ಟರಿಗೂ ಗ್ಯಾರಂಟಿ ಇರಲಿಲ್ಲ. ಈ ಸೀಸನ್ ಪೂರ್ತಿ ಬೆಂಚು ಕಾಯ್ದ. ಡೆಬ್ರಾಳ ತಲೆಯಲ್ಲಿ ಒಂದೇ ಹುಳ: ನಾನು ನೋಡಿದ್ದಕ್ಕೇ ಅವನು ಬಿದ್ದದ್ದು.

ಇದನ್ನು ಕೇಳಿ ನಾವಿಬ್ಬರೂ ನಗಬೇಕಿತ್ತು ತಾನೆ? ನಗಲಿಲ್ಲ! ನಮ್ಮದೂ ಅದೇ ಜಾತಿ. ಇಂಡಿಯಾ ಬ್ಯಾಟಿಂಗ್ ಮಾಡುವಾಗ ನನ್ನ ಗಂಡ ಕುರ್ಚಿಯಿಂದ ಏಳುವ ಹಾಗಿಲ್ಲ. ಚೇಸಿಂಗ್ ಟೈಟ್ ಆದರೆ ನಾನು ಅಡುಗೆಮನೆಯಲ್ಲೇ ಇರಬೇಕು. ಮನೆಯ ಕಾನೂನು.

ಪಂದ್ಯ ಶುರುವಾಯಿತು. ಡೆಬ್ರಾ ಸೋಫಾದಲ್ಲಿ ಕೂತಿದ್ದಾಗ ಎದುರಿನವರೇ ಮೇಲಿಂದ ಮೇಲೆ ಸ್ಕೋರ್ ಮಾಡಿದರು. ನೀರು ಕುಡಿಯಲು ಒಳಗೆ ಹೋದಳು ನೋಡಿ, ಕೈಲ್‌ನ ಟೀಮು ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಹೊಡೆಯಿತು.

"ಅಲ್ಲೇ ಇರಿ!" ಜುಬೇದಾ ಕಿರುಚಿದಳು. "ಅಕ್ಕಾ, ಅವಳನ್ನು ಹೊರಗೆ ಬಿಡ್ಬೇಡಿ ಆಯ್ತಾ!"

ನಾನು ಹಿಟ್ಟಿನ ಪಾತ್ರೆ ಅವಳ ಕೈಗೆ ಕೊಟ್ಟು, ಎಣ್ಣೆ ತೋರಿಸಿ ಬಂದೆ. ಅವಳಿಗೂ ಬೇಕಿದ್ದದ್ದು ಅದೇ. ಗೋಳಿಬಜೆ ಬೆಂದ ಹಾಗೆ ಸ್ಕೋರೂ ಏರಿತು. (ಬಜೆ ಒಂದೂ ಗುಂಡಗಿರಲಿಲ್ಲ, ಅದು ಬೇರೆ ಮಾತು.)

ಕೊನೆಕೊನೆಗೆ ಒಂದೇ ಪಾಯಿಂಟ್ ಹಿಂದಿದ್ದೆವು. ಹೌದು, ಅಷ್ಟೊತ್ತಿಗೆ ಅದು 'ನಮ್ಮ' ಟೀಮು! ಆಟ ಮುಗಿಯಲು ಕೆಲವೇ ಸೆಕೆಂಡು. ಒಂದು ಕಿಕ್ ಒಳಗೆ ಹೋದರೆ ಗೆದ್ದೆವು. ಆದರೆ ಮೇನ್ ಕಿಕ್ಕರ್ ಆಗಲೇ ಪೆಟ್ಟು ತಿಂದು ಹೊರಗೆ ಕೂತಿದ್ದ. ಹೆಲ್ಮೆಟ್ ಹಾಕಿಕೊಂಡು ಓಡಿ ಬಂದವನು ಕೈಲ್.

ಅವನು ಒದೆಯಬೇಕು ಅನ್ನುವಷ್ಟರಲ್ಲಿ ಎದುರು ಟೀಮಿನ ಕೋಚ್ ಟೈಮ್‌ಔಟ್ ಕೇಳಿ ಆಟ ನಿಲ್ಲಿಸಿದ. ಕಿಕ್ಕರ್‌ನ ನರ ಸಡಿಲಿಸಲು ಹಾಗೆ ಮಾಡುತ್ತಾರಂತೆ. ಸಡಿಲಿದ್ದು ನಮ್ಮ ನರ.

"ಡೆಬ್ರಾಳನ್ನು ಕರೀತೇನೆ" ಅಂದೆ.

"ಎಂತ ಮರ್ಲಾ ನಿಮಗೆ?" ಜುಬೇದಾ ನನ್ನ ಕೈ ಹಿಡಿದಳು. "ಇಷ್ಟೊತ್ತು ಸರಿಯಾಗಿ ನಡೀತಾ ಉಂಟು. ಈಗ ಅವಳು ಬಂದ್ರೆ ಖಲಾಸ್!"

"ಅವನು ಮತ್ತೆ ಒದೀತಾನಾ ಇಲ್ವಾ ಅಂತ ವರ್ಷದಿಂದ ಕಣ್ಣೀರು ಹಾಕಿದವಳು ಮಾರಾಯ್ತಿ! ಈಗ ಒದೀತಾ ಇದ್ದಾನೆ. ನಾವಿಬ್ರು ನೋಡೋದು, ಅವಳು ಬಜೆ ಕಾಯಿಸೋದಾ?"

ಜುಬೇದಾ ಕೈ ಬಿಟ್ಟಳು. ನಾನು ಕೂಗಿದೆ. ಡೆಬ್ರಾ ಎಣ್ಣೆ ಸೋರುವ ಜಾಲರಿ ಸೌಟು ಹಿಡಿದೇ ಬಂದಳು. ಪರದೆಯಲ್ಲಿ ಮಗನನ್ನು ಕಂಡು ಗೋಡೆಗೆ ಒರಗಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ.

ಕೈಲ್ ಒದ್ದ. ಚೆಂಡು ಎತ್ತರಕ್ಕೆ ಹೋಯಿತು, ದೂರಕ್ಕೆ ಹೋಯಿತು, ಬಲಗಂಬದ ಹೊರಗೆ ಹೋಯಿತು. ಸೋತೆವು.

ಜುಬೇದಾ ಒಂದು ಸಲ ನನ್ನನ್ನು ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು. ಈಗ ನನ್ನ ತಲೆಯಲ್ಲೂ ಅದೇ ಹುಳ. ಕರೆಯದೇ ಇದ್ದಿದ್ದರೆ? ನೋಡಿ, ಬುದ್ಧಿ ಎಲ್ಲಿಗೆ ಹೋಗುತ್ತದೆ!

ಸ್ವಲ್ಪ ಹೊತ್ತಿಗೆ ಡೆಬ್ರಾಳ ಫೋನು ಬಡಿದುಕೊಂಡಿತು. ವಿಡಿಯೋ ಕಾಲ್. ಕೈಲ್‌ನ ಕಣ್ಣು ಕೆಂಪಾಗಿತ್ತು. ಸಾರಿ ಹೇಳುತ್ತಾನೆ ಅಂದುಕೊಂಡೆ.

"ಮಾಮ್, ನೋಡಿದ್ಯಾ? ನಿಜ ಹೇಳು, ನೀನೇ ನೋಡಿದ್ಯಾ?"

"ನೋಡಿದೆ ಕಣೋ. ಪೂರ್ತಿ ನೋಡಿದೆ."

"ಎಷ್ಟು ದೂರ ಹೋಯ್ತು ನೋಡಿದ್ಯಾ? ಮಂಡಿ ನೋವೇ ಇಲ್ಲ ಮಾಮ್! ಡೈರೆಕ್ಷನ್ ತಪ್ಪಿತು, ಅದನ್ನ ಸರಿಮಾಡ್ಕೋಬಹುದು. ಮುಂದಿನ ಸೀಸನ್‌ಗೆ ನಾನೂ ಆಡ್ಬಹುದು ಅಂತ ಕೋಚ್ ಹೇಳಿದ್ರು."

ಡೆಬ್ರಾ ಅಲ್ಲೇ ನೆಲದ ಮೇಲೆ ಕೂತು ನಗುತ್ತಾ ಅತ್ತಳು. ಅತ್ತೂ ಅತ್ತೂ, "ನೆಕ್ಸ್ಟ್ ಇಯರ್ ನಾನೇ ಬಂದು ಮುಂದಿನ ಸಾಲಲ್ಲಿ ಕೂರ್ತೀನಿ" ಅಂದಳು. ಅವನು ಅದಕ್ಕೆ ಕುಣಿದ ರೀತಿ ನೋಡಿದರೆ ಮಂಡಿಯ ಬಗ್ಗೆ ನಮಗೂ ಅನುಮಾನ ಉಳಿಯಲಿಲ್ಲ.

"ಅಲ್ಹಮ್ದುಲಿಲ್ಲಾ, ಕಾಲು ಸರಿ ಉಂಟಲ್ಲ" ಅನ್ನುತ್ತಾ ಜುಬೇದಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಕರೆದದ್ದು ಒಳ್ಳೇದಾಯ್ತು ಅಕ್ಕ" ಅಂದಳು.

ಮಗಳ ಡ್ಯಾನ್ಸಿಗೆ ಹೋಗಿ ಕಣ್ಣು ಮುಚ್ಚಿ ಕೂರುವವರು, ಮಗನ ರಿಸಲ್ಟ್ ಗಂಡನಿಗೆ ನೋಡಲು ಹೇಳಿ ಬಚ್ಚಲು ಸೇರುವವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಮಕ್ಕಳ ಒಳ್ಳೆಯದಕ್ಕೇ ಅನ್ನುತ್ತೇವೆ. ಗೆದ್ದಾಗ ನೋಡಲು ಇಡೀ ಸ್ಟೇಡಿಯಂ ಇರುತ್ತದೆ. ಗುರಿ ತಪ್ಪಿದಾಗ ನೋಡಲು ಅಮ್ಮನಾದರೂ ಬೇಡವೇ?