ಮುನಿತಾಯಮ್ಮನ ಟ್ರ್ಯಾಕ್ಟರಿಗೆ ಅರಿಶಿನ

ತೂಬಗೆರೆ ಕಡೆಯ ದ್ರಾಕ್ಷಿ ತೋಟದ ಮುನಿತಾಯಮ್ಮನನ್ನು ಜನ ಈಗ ಗುರುತಿಸುವುದು ಟ್ರ್ಯಾಕ್ಟರಿನಿಂದ. ಗಂಡ ಲಕ್ಷ್ಮಯ್ಯ ಇರುವ ತನಕ ಆ ಸಣ್ಣ ಟ್ರ್ಯಾಕ್ಟರಿನ ಸೀಟು ಹತ್ತಲು ಬಿಟ್ಟಿರಲಿಲ್ಲ. "ಸೀರೆ ಸಿಕ್ಕಾಕ್ಕೊಂಡ್ರೆ ಯಾರು ಬಿಡಿಸ್ತಾರೆ, ಇಳಿಯೇ ಕೆಳಕ್ಕೆ" ಎನ್ನುತ್ತಿದ್ದ. ಹೋದ ವರ್ಷ ಎದೆನೋವು ಅಂತ ಮಲಗಿದವನು ಏಳಲಿಲ್ಲ.

ತಿಥಿ ಮುಗಿದ ಮೇಲೆ ಅವಳು ಅವನ ಹಳೇ ಶರ್ಟನ್ನು ಸೀರೆಯ ಮೇಲೆ ತೊಟ್ಟು, ಸೆರಗು ಸೊಂಟಕ್ಕೆ ಬಿಗಿದು, ಸೀಟು ಹತ್ತಿದಳು. ಮೊದಲ ದಿನವೇ ಚಪ್ಪರದ ಕಲ್ಲುಕಂಬ ಒಂದನ್ನು ಕೆಡವಿದಳು. ಊರು ನಕ್ಕಿತು. ಆಮೇಲೆ ಸಾಲಿನ ನಡುವೆ ಎಲೆ ತಾಕದ ಹಾಗೆ ಓಡಿಸುವುದನ್ನು ಕಲಿತಳು. ನಗು ನಿಂತಿತು.

ನಿಲ್ಲದೆ ಇದ್ದದ್ದು ಅವಳ ಹೊಟ್ಟೆಯ ಉರಿ. ಪಕ್ಕದ ತೋಟ ಮೈದುನ ಆಂಜಿನಪ್ಪನದು. ಅವನ ಹೆಂಡತಿ ಆದಿಲಕ್ಷ್ಮಮ್ಮ ಕೆಟ್ಟವಳಲ್ಲ. ಆದರೆ ಮೋಟರ್ ಕೆಟ್ಟರೂ "ನಮ್ಮೆಜಮಾನ್ರನ್ನ ಕಳಿಸ್ತೀನಿ ಕಣಕ್ಕಾ", ಹಾವು ಬಂದರೂ "ನಮ್ಮೆಜಮಾನ್ರನ್ನ ಕಳಿಸ್ತೀನಿ". ಒಂದು ಬಟ್ಟಲು ಸಕ್ಕರೆ ಕೊಡುವಷ್ಟು ಸಲೀಸಾಗಿ ಗಂಡನನ್ನು ಕೊಟ್ಟು, ವಾಪಸ್ ಕರೆಸಿಕೊಳ್ಳುತ್ತಿದ್ದಳು. ಹೋಗುವಾಗ ದಾರಿಯುದ್ದಕ್ಕೂ ಅವನ ಜೊತೆ ಜಗಳ ಬೇರೆ. ಮುನಿತಾಯಮ್ಮನಿಗೆ ಆ ಜಗಳದ ಮೇಲೂ ಹೊಟ್ಟೆಕಿಚ್ಚು.

ಆಯುಧಪೂಜೆಯ ದಿನ ಆದಿಲಕ್ಷ್ಮಮ್ಮ ಹಣೆ ತುಂಬ ಕುಂಕುಮ ಇಟ್ಟುಕೊಂಡು ತಟ್ಟೆ ಹಿಡಿದು ಬಂದಳು.

"ಅಕ್ಕಾ, ನೀವು ಬಿಡಿ. ಗಾಡಿಗೆ ನಾನು ಬೊಟ್ಟಿಡ್ತೀನಿ."

ಗಂಡ ಸತ್ತವಳು ಪೂಜೆ ಮಾಡಬಾರದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಆಗೋಯ್ತು ಹೋಗಮ್ಮ" ಎಂದಳು ಮುನಿತಾಯಮ್ಮ. ಆಗಿರಲಿಲ್ಲ. ಆದಿಲಕ್ಷ್ಮಮ್ಮ ಅತ್ತ ಹೋದ ಮೇಲೆ ತಾನೇ ಬೋಗುಣಿ ತುಂಬ ಅರಿಶಿನ ಕಲಸಿದಳು. ಆ ಮುತ್ತೈದೆಗೆ ಬೊಟ್ಟಿಡಲು ಜಾಗವೇ ಉಳಿಯಬಾರದು ಎಂದು ಚಕ್ರ, ಸ್ಟೇರಿಂಗು, ನೇಗಿಲು, ಎಲ್ಲಕ್ಕೂ ಬಳಿದಳು. ಬಾನೆಟ್ಟು ಎತ್ತಿದಳು. ಬ್ಯಾಟರಿಯ ವೈರುಗಳನ್ನು ಬಿಚ್ಚಿ, ಆ ಎರಡು ಸೀಸದ ಮೊಳೆಗಳಿಗೂ ದಪ್ಪಗೆ ಮೆತ್ತಿ, ಅದರ ಮೇಲೆಯೇ ವೈರು ಕೂರಿಸಿ ಕೈಯಲ್ಲಿ ತಿರುಗಿಸಿಬಿಟ್ಟಳು.

ಆ ವಾರವೆಲ್ಲ ಮಳೆ ಹಿಡಿಯಿತು. ಮಳೆ ಬಿಟ್ಟ ಬೆಳಿಗ್ಗೆ ಚಿಗುರಿಗೆ ಬೂಜು ಹತ್ತುವ ಮೊದಲು ಔಷಧಿ ಹೊಡೆಯಬೇಕಿತ್ತು. ಕೀ ತಿರುಗಿಸಿದಳು. ಟಕ್. ಮತ್ತೆ ತಿರುಗಿಸಿದಳು. ಟಕ್. ಡೀಸೆಲ್ ಇತ್ತು. ಗೇರು ನ್ಯೂಟ್ರಲ್ಲಿನಲ್ಲಿತ್ತು. ಲಕ್ಷ್ಮಯ್ಯನ ಹಾಗೆ ಸ್ಟಾರ್ಟರಿಗೆ ಸ್ಪ್ಯಾನರಿನಿಂದ ತಟ್ಟಿಯೂ ನೋಡಿದಳು. ಟಕ್ ಬಿಟ್ಟರೆ ಬೇರೆ ಮಾತಿಲ್ಲ. ಏನಾದರೂ ಸರಿ, ಇವತ್ತು ಆದಿಲಕ್ಷ್ಮಮ್ಮನ ಗಂಡನನ್ನು ಕರೆಯಬಾರದು ಎಂದು ಹಲ್ಲು ಕಚ್ಚಿದಳು.

ಬೇಲಿಯಾಚೆಯಿಂದ ಆಗಲೇ ಕೂಗು ಬಂತು. "ಅಕ್ಕಾ, ಇರಿ, ನಮ್ಮೆಜಮಾನ್ರನ್ನ..."

"ಬೇಡ ಕಣೇ!"

ಆಂಜಿನಪ್ಪ ಬಂದೇಬಿಟ್ಟ. ಹಿಂದೆಯೇ ಅವಳು.

"ಲೈಟ್ ಹಾಕಿ ಅತ್ಗೆ. ಹಾಂ, ಉರೀತದೆ. ಈಗ ಕೀ ತಿರುಗ್ಸಿ." ಟಕ್ ಎಂದ ಕೂಡಲೇ ಲೈಟು ಆರಿತು. "ಬ್ಯಾಟ್ರಿ ಸತ್ತಿಲ್ಲ. ಕರೆಂಟು ಎಲ್ಲೋ ತಡೀತಾ ಇದೆ."

ಬಾನೆಟ್ಟು ಎತ್ತಿದವನು ಬಿದ್ದು ಬಿದ್ದು ನಕ್ಕ. "ಏನ್ ಅತ್ಗೆ, ಬ್ಯಾಟ್ರಿಗೆ ಮದ್ವೆ ಮಾಡಿದ್ದೀರಾ? ಅರಿಶಿನ ಒಣಗಿ ಗಾರೆ ಆಗ್ಬಿಟ್ಟೈತೆ!"

ಅವನು ಬಿಸಿನೀರು ಕೇಳಿದ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿದ. ಬಿಸಿನೀರಲ್ಲಿ ಅರಿಶಿನ ತೊಳೆದು, ಉಜ್ಜು ಕಾಗದದಲ್ಲಿ ಸೀಸ ಹೊಳೆಯುವ ತನಕ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ವೈರು ಹಾಕಿ ಬಿಗಿದ. ಕೀ ತಿರುಗಿಸಿದ. ಟ್ರ್ಯಾಕ್ಟರು ಗುಡುಗಿತು.

"ಥೂ, ಮೂತಿ ತುಂಬ ಅರಿಶಿನ! ಈ ವಯಸ್ಸಲ್ಲಿ ಮದ್ಲಿಂಗ ಆಗ್ಬೇಕಾ?" ಎಂದು ಆದಿಲಕ್ಷ್ಮಮ್ಮ ಗಂಡನ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು. ಅವನು ಎಮ್ಮೆಯ ಹಾಗೆ ಕೆನ್ನೆ ಒಡ್ಡಿಕೊಂಡು ನಿಂತ.

ಮುನಿತಾಯಮ್ಮ ಅದನ್ನು ನೋಡಲಾರದೆ ಕೈ ಹಾಕಿ ಇಂಜಿನ್ ಆರಿಸಿದಳು.

"ಬಿಚ್ಚಪ್ಪ ಮತ್ತೆ."

"ಏನನ್ನ?"

"ವೈರು. ನಾನೇ ಹಾಕ್ತೀನಿ."

"ಚೆನ್ನಾಗೇ ಐತಲ್ಲ ಅತ್ಗೆ?"

"ಬಿಚ್ಚು ಅಂದೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅದನ್ನೂ ಮುನಿತಾಯಮ್ಮನಿಗೆ ಸಹಿಸಲಾಗಲಿಲ್ಲ. ಆಂಜಿನಪ್ಪ ಬಿಚ್ಚಿಕೊಟ್ಟ. ಅವಳು ಪ್ಲಸ್ ಮೊದಲು ಹಾಕಿದಳು, ಮೈನಸ್ ಆಮೇಲೆ. ಮಣಿಕಟ್ಟು ನೋಯುವಷ್ಟು ಬಿಗಿದಳು. ವೈರು ಹಿಡಿದು ಅಲ್ಲಾಡಿಸಿದಳು, ಅಲುಗಲಿಲ್ಲ. ಸೀಟು ಹತ್ತಿ ಕೀ ತಿರುಗಿಸಿದಳು. ಒಂದೇ ಏಟಿಗೆ ಹಿಡಿಯಿತು.

"ಸರಿ, ನಿನ್ನ ಗಂಡನ್ನ ಕರ್ಕೊಂಡೋಗು" ಎಂದಳು. "ಇನ್ಮೇಲೆ ಇದಕ್ಕೆ ಕಳಿಸ್ಬೇಡ."

ಇಬ್ಬರೂ ಬದುವಿನ ಮೇಲೆ ಹೊರಟರು. ಅವನು ಏನೋ ಅಂದ, ಅವಳು ಅವನ ಬೆನ್ನಿಗೆ ಗುದ್ದಿದಳು, ಇಬ್ಬರೂ ನಕ್ಕರು. ಮುನಿತಾಯಮ್ಮ ಆ ನಗು ಕೇಳಿಸದಷ್ಟು ರೇಸ್ ಏರಿಸಿ, ಗಾಡಿಯನ್ನು ದ್ರಾಕ್ಷಿ ಸಾಲಿಗೆ ಇಳಿಸಿದಳು.