ಉಪ್ಪಲ್‌ನಲ್ಲಿ ಕಟ್ಟಿದ ಮೂಗು

ಪಕ್ಕದ ಮನೆಯ ಯಾದಮ್ಮ ಬಾಗಿಲು ಬಡಿದು "ಮಾಡಿಪೋತುಂದಿ ಬಿಡ್ಡಾ, ಮಾಡಿಪೋತುಂದಿ!" ಎಂದು ಕೂಗಿದಾಗ, ಏನನ್ನೋ ಮಾಡಿ ಹೋಗು ಎನ್ನುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನೆ ನಿಂತಿದ್ದೆ. ಅವರು ನನ್ನನ್ನು ಸರಿಸಿ ಒಳಗೆ ನುಗ್ಗಿ ಒಲೆ ಆರಿಸಿದರು. ಬಾಣಲೆಯಲ್ಲಿದ್ದ ಶೇಂಗಾ ಇದ್ದಿಲಾಗಿತ್ತು, ಹೊಗೆ ಕಿಟಕಿ ದಾಟಿ ಓಣಿಗೆ ಹೋಗಿತ್ತು. ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಚುತ್ತಿದ್ದ ನನಗೆ ವಾಸನೆ ಬಂದಿರಲಿಲ್ಲ. ತೆಲುಗಿನಲ್ಲಿ 'ಮಾಡು' ಎಂದರೆ ಸೀಯುವುದು ಎಂದು ಆ ಮಧ್ಯಾಹ್ನ ಕಲಿತೆ. ನನ್ನ ಮೂಗು ಪೂರ್ತಿ ಕೈಕೊಟ್ಟಿದೆ ಎಂದು ತಿಳಿದದ್ದೂ ಆಗಲೇ.

ನನ್ನ ಗಂಡನಿಗೆ ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಕೆಲಸ. ಕ್ವಾರ್ಟರ್ಸ್ ಸಿಗುವವರೆಗೆ ಎಂದು ಉಪ್ಪಲ್‌ನ ಓಣಿಯೊಂದರಲ್ಲಿ ಬಾಡಿಗೆಗೆ ಬಂದೆವು. ಕ್ವಾರ್ಟರ್ಸ್ ಇನ್ನೂ ಸಿಕ್ಕಿಲ್ಲ. ಗದಗಿನ ನಮ್ಮ ಮನೆಯಲ್ಲಿ ಬಾಗಿಲು ಬಡಿಯದಂತೆ ಕಲ್ಲು ಒತ್ತಿಡಬೇಕು, ಅಷ್ಟು ಗಾಳಿ. ಇಲ್ಲಿ ಕಿಟಕಿ ತೆರೆದರೆ ರಸ್ತೆ ಕೆಲಸದ ದೂಳು, ಮುಚ್ಚಿದರೆ ಕೂಲರಿನ ಹಸಿ ಗಾಳಿ. ಮೊದಲು ಸೀನು ಬಂತು, ಆಮೇಲೆ ನೆಗಡಿ, ಆಮೇಲೆ ಹುಬ್ಬಿನ ಮೇಲೆ ಯಾರೋ ಭಾರ ಹೇರಿದಂತಾಯಿತು.

"ಅಜವಾನ ಹುರಿದು ಅರಿವ್ಯಾಗ ಕಟ್ಟಿ ಮೂಗಿಗೆ ಹಿಡಕೋ. ಮಲಗೂ ಮುಂದ ಬಜಿ ತೇದು ಹಣಿಗೆ ಹಚ್ಚು. ಮಸರು ಮುಟ್ಟಬ್ಯಾಡ," ಎಂದು ಅವ್ವ ಫೋನಿನಲ್ಲಿ ಹೇಳಿದಳು. ಎಲ್ಲ ಮಾಡಿದೆ. ಮೆಣಸು, ಶುಂಠಿ ಕುದಿಸಿ ಕುಡಿದೆ. ಒಂದು ಹೊಳ್ಳೆ ಸ್ವಲ್ಪ ಬಿಟ್ಟಂತಾಗಿ ಮತ್ತೆ ಕಟ್ಟುತ್ತಿತ್ತು. ದಿನವಿಡೀ ಬಾಯಿಂದ ಉಸಿರಾಡುವುದು ಇಷ್ಟು ದಣಿವಿನ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಇಲ್ಲಿ ರಸ್ತೆ ಬದಿಯಲ್ಲಿ ಹೆಂಗಸರು ಜೋಳದ ರೊಟ್ಟಿ ತಟ್ಟಿ ಮಾರುತ್ತಾರೆ, 'ಜೊನ್ನ ರೊಟ್ಟೆ' ಎನ್ನುತ್ತಾರೆ. ಆಸೆಪಟ್ಟು ತಂದು ತಿಂದರೆ ರಟ್ಟು ಜಗಿದ ಹಾಗೆ. ಅದು ರೊಟ್ಟಿಯ ದೋಷವೋ, ಮೂಗಿನದೋ, ಊರಿನದೋ ತಿಳಿಯುತ್ತಿರಲಿಲ್ಲ.

ಯಾದಮ್ಮ ರವಿಕೆ ಹೊಲಿದು ಬದುಕುವವರು. ಮಗಳನ್ನು ಮದುವೆ ಮಾಡಿ ಕೊಟ್ಟು ಒಬ್ಬರೇ ಇದ್ದಾರೆ. ಶೇಂಗಾ ಸೀದ ಮರುದಿನ ಒಂದು ಕಟ್ಟು ಸೊಪ್ಪು ಹಿಡಿದು ಬಂದರು. "ವಾವಿಲಾಕು. ಆವಿರಿ ಪಟ್ಟು," ಎಂದು ತಲೆಯ ಮೇಲೆ ಸೆರಗು ಹೊದ್ದು ಬಗ್ಗಿ ತೋರಿಸಿದರು. ಹಬೆ ತಗೋ ಎನ್ನುತ್ತಿದ್ದರು. ಸೊಪ್ಪು ಬಿಡಿಸಿ ನೋಡಿದೆ: ಬೆರಳು ಚಾಚಿದ ಅಂಗೈಯಂಥ ಎಲೆ, ಅಡಿಯಲ್ಲಿ ಬೂದುಬಣ್ಣ. ನಮ್ಮ ಲಕ್ಕಿ ಸೊಪ್ಪು! ಬಾಣಂತಿಯರ ಸ್ನಾನದ ನೀರಿಗೆ ಅವ್ವ ಹಾಕುತ್ತಿದ್ದದ್ದು. ಹಿಸುಕಿ ಮೂಗಿಗೆ ಒತ್ತಿಕೊಂಡೆ. ಏನೂ ಬರಲಿಲ್ಲ. ಅಷ್ಟು ದೂರದ ಊರಿನದೊಂದು ವಸ್ತು ಕೈಯಲ್ಲೇ ಇದ್ದರೂ ನನಗೆ ಸಿಗಲಿಲ್ಲ. ನಾನು ಅತ್ತದ್ದು ಕಂಡು ಯಾದಮ್ಮ ಗಾಬರಿಯಾದರು.

ಹಬೆಯಿಂದ ಕೆಲವು ದಿನ ತಲೆ ಹಗುರಾಯಿತು. ಆಮೇಲೊಂದು ಬೆಳಿಗ್ಗೆ, ಗಂಡ ಕೆಲಸಕ್ಕೆ ಹೋದ ಮೇಲೆ, ಚಳಿಜ್ವರ ಹತ್ತಿತು. ಕನ್ನಡಿ ನೋಡಿದರೆ ಎಡಗಣ್ಣಿನ ರೆಪ್ಪೆ ಊದಿ ಕೆಂಪಾಗಿ ಕಣ್ಣು ಅರ್ಧ ಮುಚ್ಚಿತ್ತು. ಗಂಡನಿಗೆ ತಿಳಿಸೋಣವೆಂದರೆ, ಕಾರ್ಖಾನೆಯ ಗೇಟಿನಲ್ಲೇ ಫೋನು ಬಿಟ್ಟು ಒಳಗೆ ಹೋಗಬೇಕು. ಮತ್ತೆ ಹಬೆಗೆ ನೀರಿಟ್ಟೆ. ಆಸ್ಪತ್ರೆ ಬೇಡವೆಂದಲ್ಲ, ಅಲ್ಲಿ ಹೋಗಿ ಏನೆಂದು ಹೇಳಲಿ? ಹುಬ್ಬಿನೊಳಗೆ ಜಗ್ಗುತ್ತದೆ, ಬಗ್ಗಿದರೆ ಮುಖವೇ ಕಳಚಿ ಬಿದ್ದಂತಾಗುತ್ತದೆ. ಇವೆಲ್ಲ ನನಗೆ ಕನ್ನಡದಲ್ಲೇ ನೋಯುತ್ತಿದ್ದವು. ಮನೆಮದ್ದಿಗೆ ಮಾತು ಬೇಕಿರಲಿಲ್ಲ.

ನೀರು ಕಾಯುವಷ್ಟರಲ್ಲಿ ಅವ್ವನಿಗೆ ಫೋನು ಮಾಡಿದೆ. ಕಣ್ಣು ಎಂದ ಕೂಡಲೇ ಅವಳ ದನಿ ಬದಲಾಯಿತು.

"ಕಣ್ಣಿಗೆ ಬಂತಾ? ಹಬಿ-ಗಿಬಿ ಬಿಡು, ದವಾಖಾನಿಗೆ ಹೋಗು. ಬಾಜೂ ಮನ್ಯಾಕಿಗೆ ಫೋನ್ ಕೊಡು."

"ಅಕಿಗೆ ಕನ್ನಡ ಬರಂಗಿಲ್ಲವ್ವ."

"ಕೊಡು ಅಂದ್ನಿಲ್ಲ?"

ಗೋಡೆ ಹಿಡಿದು ಹೋಗಿ ಕೊಟ್ಟೆ. ಅವ್ವ ಕನ್ನಡದಲ್ಲಿ, ಯಾದಮ್ಮ ತೆಲುಗಿನಲ್ಲಿ, ಇಬ್ಬರೂ ಒಟ್ಟೊಟ್ಟಿಗೆ ಜೋರಾಗಿ ಮಾತಾಡಿದರು. ಏನು ತಿಳಿಯಿತೋ, ಯಾದಮ್ಮ ನನ್ನ ಮುಖ ಬೆಳಕಿಗೆ ತಿರುಗಿಸಿ ನೋಡಿ, ನಮ್ಮ ಮನೆಯ ಒಲೆ ಆರಿಸಿ ಬಂದು, "ದವಖಾನಕು ಪೋದಾಂ, ನಡು," ಎಂದರು. ಆ ಪದವನ್ನು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆಟೋದಲ್ಲಿ ಅವರ ಭುಜಕ್ಕೆ ಒರಗಿದ್ದೆ. ಆಸ್ಪತ್ರೆಯಲ್ಲಿ ಅವರು ತೆಲುಗಿನಲ್ಲಿ ಹೇಳಿದರು, ನಾನು ಮುಟ್ಟಿ ತೋರಿಸಿದೆ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ನನಗಾಗಿ ನಿಧಾನ ಹಿಂದಿಯಲ್ಲಿ ವಿವರಿಸಿದರು: ಸೈನಸ್ಸಿನ ಸೋಂಕು ಕಣ್ಣಿನ ಕಡೆ ಹರಡುತ್ತಿದೆ, ಇನ್ನೂ ತಡಮಾಡಿದ್ದರೆ ದೃಷ್ಟಿಗೇ ಅಪಾಯವಿತ್ತು. ಮೂಗು ಕಟ್ಟಿದಾಗ ಹಬೆ ಹಿತವೇ, ಆದರೆ ಕಣ್ಣು ಊದಿದ ಮೇಲೆ ಮನೆಯಲ್ಲಿ ಕೂರಬಾರದು. ನನ್ನನ್ನು ಅಲ್ಲೇ ಉಳಿಸಿಕೊಂಡು ಡ್ರಿಪ್ ಹಾಕಿದರು.

ಸಂಜೆ ಗಂಡ ಏದುಸಿರು ಬಿಡುತ್ತ ಬಂದರು. "ಇಷ್ಟೆಲ್ಲ ಆಗೈತಿ, ಒಬ್ಬಾಕಿನ ಹೆಂಗ ಬಂದಿ?"

"ಒಬ್ಬಾಕಿ ಬಂದಿಲ್ಲರಿ," ಎಂದೆ. ಯಾದಮ್ಮ ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು.

ಕಣ್ಣು ಉಳಿಯಿತು. ವಾಸನೆ ಮಾತ್ರ ಸ್ವಲ್ಪ ಸ್ವಲ್ಪವೇ ಮರಳಿತು, ಅದೂ ಕೆಲವು ಮಾತ್ರ. ಚೇತರಿಸಿಕೊಂಡ ಮೇಲೆ ಗದಗಿಗೆ ಹೋದೆ. ಅವ್ವ ಪುಂಡಿಪಲ್ಲೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತ, "ವಾಸನಿ ಬರಾಕತ್ತೈತಿಲ್ಲ?" ಎಂದಳು.

"ಬರಾಕತ್ತೈತವ್ವ." ನಿಜವೆಂದರೆ, ಅದು ನಾಲ್ಕು ಮನೆ ಆಚೆಯಿಂದ ಬಂದಂತಿತ್ತು.

ಅಷ್ಟರಲ್ಲಿ ಯಾದಮ್ಮನ ಫೋನು, ಯಾವಾಗ ಬರುತ್ತೀಯೆಂದು. "ರೇಪು ಇಂಟಿಕೊಸ್ತ," ಎಂದು ಹೇಳಿ ಇಟ್ಟೆ.

"ಏನಂದಿ ಅಕಿಗೆ?"

"ನಾಳಿ ಮನಿಗೆ ಬರ್ತೀನಿ ಅಂದೆ."

'ಮನಿ' ಅಂದದ್ದು ಹೇಳಿದ ಮೇಲೆ ನನಗೇ ಕೇಳಿಸಿತು. ಅವ್ವ ಪಲ್ಲೆ ತಿರುವುತ್ತಲೇ ಇದ್ದಳು. ಒಲೆ ಆರಿಸಿ ತಾಟು ತಂದು ನನ್ನ ಮುಂದಿಟ್ಟಳು.

"ಉಣ್ಣು," ಎಂದಳು. "ಬಿಸಿ ಇದ್ದಾಗ ಉಂಡ್ರ ಒಂಚೂರರ ವಾಸನಿ ಹತ್ತತೈತಿ."