ಬೀರುವಿನ ಕನ್ನಡಿಯ ಸವಾರ

ಕೈಗೆಟುಕದ ವಸ್ತುವಿನ ಮೇಲೆ ಆಸೆ ಇಟ್ಟುಕೊಳ್ಳುವುದು ಬಹಳ ನೆಮ್ಮದಿಯ ಕೆಲಸ. ವರ್ಷಗಟ್ಟಲೆ ಆಸೆಪಡಬಹುದು, ಖರ್ಚಿಲ್ಲ, ಅಪಾಯವಿಲ್ಲ, ಊಟವಾದ ಮೇಲೆ ಫೋನಿನಲ್ಲಿ ಚಿತ್ರ ನೋಡುತ್ತ ಕೂತರೆ ಆಯಿತು. ಅಡ್ವೆಂಚರ್ ಬೈಕುಗಳನ್ನು ನಾನು ಹೀಗೇ ಪ್ರೀತಿಸಿಕೊಂಡು ಬಂದವನು. ಅವು ಆನೆಮರಿಯಷ್ಟು ದಪ್ಪ, ಬೆಲೆ ಇಡೀ ಆನೆಯಷ್ಟು. ಹಾಗಾಗಿ ನನ್ನ ಪ್ರೀತಿಗೆ ಯಾವ ತೊಂದರೆಯೂ ಇರಲಿಲ್ಲ. ಈ ವಸಂತದಲ್ಲಿ ಮಾತ್ರ ಒಂದು ಹೊಸ ಬೈಕಿನ ಬೆಲೆ ನೋಡಿ ಬೆಚ್ಚಿಬಿದ್ದೆ. ಅದು ನನ್ನ ಕೈಗೆಟುಕುವಂತಿತ್ತು.

ಸ್ವೀಡನ್ನಿಗೆ ಬಂದಾಗಿನಿಂದ ಬೆಲೆ ನೋಡಿ ಬೆಚ್ಚಿಬೀಳುವುದು ನನಗೆ ರೂಢಿಯಾಗಿದೆ. ಕ್ಷೌರದ ಬೆಲೆ ಕೇಳಿ ಬೆಚ್ಚಿದ್ದೇನೆ, ನಲ್ಲಿ ರಿಪೇರಿಯವನು ಬರೀ ಬಾಗಿಲಲ್ಲಿ ನಿಂತದ್ದಕ್ಕೆ ಹಾಕಿದ ಬೆಲೆಗೇ ಬೆಚ್ಚಿದ್ದೇನೆ. ಆದರೆ ಇದು ಬೇರೆ ಜಾತಿಯ ಆಘಾತ. ಇಷ್ಟು ದಿನ ಬೈಕು ಕೊಳ್ಳದಿರಲು ನನ್ನ ಬಳಿ ಇದ್ದದ್ದು ಒಂದೇ ನೆಪ, ಅದನ್ನು ಯಾರೋ ಕಾರ್ಖಾನೆಯವರು ಕಿತ್ತುಕೊಂಡುಬಿಟ್ಟಿದ್ದರು.

ಬೈಕು ಮಧ್ಯಮ ಗಾತ್ರದ್ದು. ಎಂಜಿನ್ನು ಅತಿ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಕೊಕ್ಕರೆಯಂತೆ ಎತ್ತರಕ್ಕೆ ನಿಂತಿದೆ, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಸಾಮಾನು ಕಟ್ಟಲು ಕಬ್ಬಿಣದ ಚೌಕಟ್ಟು. ಜಾಹೀರಾತಿನ ಚಿತ್ರಗಳಲ್ಲೆಲ್ಲ ಮೈತುಂಬ ಕೆಸರು. ನಾನಿರುವ ನಾರ್‌ಶೋಪಿಂಗ್‌ನಲ್ಲಿ ಅಷ್ಟು ಕೆಸರು ಬೇಕೆಂದರೆ ಕೊಮ್ಯೂನಿಗೆ, ಅಂದರೆ ಇಲ್ಲಿನ ನಗರಸಭೆಗೆ, ಅರ್ಜಿ ಹಾಕಬೇಕಾದೀತು. ನನ್ನ ಚಿಕ್ಕಪ್ಪ ಚನ್ನಪಟ್ಟಣದಲ್ಲಿ ನೂರು ಸಿಸಿಯ ಬೈಕಿನ ಮೇಲೆ ಹೆಂಡತಿ, ಇಬ್ಬರು ಮಕ್ಕಳು, ಒಂದು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ರೈಲ್ವೆ ಗೇಟಿನಡಿ ನುಸುಳುತ್ತಿದ್ದರು. ಅದನ್ನು ಅವರು ಸಾಹಸ ಎಂದು ಒಮ್ಮೆಯೂ ಕರೆದಿರಲಿಲ್ಲ. ಸಾಹಸವೇ ಇಲ್ಲದ ರಸ್ತೆಗಳಿರುವ ದೇಶದಲ್ಲಿ ಅಡ್ವೆಂಚರ್ ಬೈಕು ಮಾರುತ್ತಾರೆ. ಅದೂ ಚಳಿಗಾಲವಿಡೀ ಹೊದಿಕೆಯಡಿ ಮಲಗಿಸಿಡಲು.

ಇಷ್ಟೆಲ್ಲ ಅನುಮಾನಪಡುವುದು ನನ್ನ ಸ್ವಭಾವ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದೆ. ಭೌತಶಾಸ್ತ್ರ ಮರೆತುಹೋಯಿತು, ಅನುಮಾನ ಉಳಿಯಿತು. ಹಾಲಿನ ಡಬ್ಬಿಯ ದಿನಾಂಕವನ್ನು ನಂಬುವುದಿಲ್ಲ, ಮೂಸಿ ನೋಡುತ್ತೇನೆ. ಬೈಕಿನ ವಿಮರ್ಶೆಗಳನ್ನು ನಂಬದೆ, ವಿಮರ್ಶೆಗಳ ಮೇಲಿನ ವಿಮರ್ಶೆಗಳನ್ನು ಓದಿದ್ದೇನೆ. ಆಫೀಸಿನಲ್ಲಿ ಫಿಕಾ ಎಂಬ ವಿರಾಮದ ಹೊತ್ತು ಕಾಫಿ ಹಿಡಿದು, ಮನುಷ್ಯನ ನೆನಪು ಫೋಟೊ ಅಲ್ಲ, ಪ್ರತಿ ಸಲ ತೆಗೆದು ನೋಡುವಾಗಲೂ ನಾವು ಅದನ್ನು ತಿದ್ದಿ ಒಳಗಿಡುತ್ತೇವೆ ಎಂದು ಭಾಷಣ ಮಾಡಿದ್ದೇನೆ. ಆದರೆ ಒಂದು ವಿಷಯದಲ್ಲಿ ಮಾತ್ರ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಎಂಎಸ್‌ಸಿ ಓದುವಾಗ ಗೆಳೆಯ ನಾಗರಾಜನ ಸೋದರಮಾವನ ಬೈಕಿನಲ್ಲಿ ನಾವಿಬ್ಬರು ಮೈಸೂರಿನಿಂದ ಹಂಪಿಗೆ ಹೋಗಿದ್ದೆವು, ಬೈಕು ಓಡಿಸಿದ್ದು ನಾನು.

ಈ ಪ್ರಯಾಣದ ಕಥೆಯನ್ನು ನಾನು ಎಲ್ಲರಿಗೂ ಹೇಳಿದ್ದೇನೆ. ಚಿತ್ರದುರ್ಗ ದಾಟಿದ ಮೇಲೆ ನಮ್ಮ ಕಡೆ ಬೆನ್ನು ತಿರುಗಿಸಿ ನಿಂತ ಸೂರ್ಯಕಾಂತಿ ಹೊಲ. ಲಾರಿ ತುಂಬ ಮದುವೆ ದಿಬ್ಬಣ, ಅದರಲ್ಲಿ ಮೈಕಿಗಿಂತ ಜೋರಾಗಿ ಹಾಡುತ್ತಿದ್ದ ಅಜ್ಜಿ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡಿಯಿದ್ದ ಹೊಸ ಬೀರುವೊಂದನ್ನು ಕಟ್ಟಿಕೊಂಡು ನಮ್ಮ ಮುಂದೆ ಹೋಗುತ್ತಿದ್ದ ಟೆಂಪೋ. ಆ ಕನ್ನಡಿಯಲ್ಲಿ ಬೈಕಿನ ಮೇಲಿದ್ದ ನನ್ನ ಮುಖ, ಹಿಂದಕ್ಕೆ ಹಾರುತ್ತಿದ್ದ ನನ್ನ ಕೂದಲು. ಕೂದಲಿನ ಭಾಗಕ್ಕೆ ಬಂದಾಗ ಕೇಳುವವರು ನನ್ನ ತಲೆ ನೋಡಿ ಸುಮ್ಮನಾಗುತ್ತಾರೆ.

ಹೆಂಡತಿ ವಸುಧಾ ಬೈಕಿಗೆ ಒಪ್ಪಿದ್ದು ಈ ಕಥೆಯ ಬಲದಿಂದಲೇ. ಅವಳು ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವಳು. ಎದುರಿನ ಪಾರ್ಕಿಗೆ ಹೋಗಬೇಕಾದರೂ ಮಕ್ಕಳಿಗೆಲ್ಲ ಹೊಳೆಯುವ ಹಳದಿ ಅಂಗಿ ತೊಡಿಸಿ, ಸಾಲಾಗಿ ಹಗ್ಗ ಹಿಡಿಸುವ ಕೆಲಸ. "ಹಂಪಿ ತನಕ ಓಡಿಸ್ಕೊಂಡು ಹೋದವ್ರು, ಅಭ್ಯಾಸ ಇದೆ ಅಂತ ಒಪ್ತಿದೀನಿ ರೀ," ಎಂದಳು. "ಹೊಸದಾಗಿ ಕಲಿಯೋ ಹಾಗಿದ್ರೆ ಈ ವಯಸ್ಸಲ್ಲಿ ಖಂಡಿತ ಬೇಡ." ಈ ದೇಶದಲ್ಲಿ ಬೈಕಿಗೆ ಬೇರೆಯೇ ಲೈಸೆನ್ಸು ಬೇಕು, ನನ್ನ ಬಳಿ ಕಾರಿನದು ಮಾತ್ರ ಇದೆ. ಅನುಭವಸ್ಥನಿಗೆ ಅದೇನು ಮಹಾ ಎಂದುಕೊಂಡೆ.

ಶನಿವಾರ ಇಬ್ಬರೂ ಶೋರೂಮಿಗೆ ಹೋದೆವು. ಲೈಸೆನ್ಸಿಲ್ಲದ್ದರಿಂದ ಓಡಿಸಿ ನೋಡುವಂತಿಲ್ಲ, ಕೂತು ನೋಡಬಹುದು ಎಂದ ಸೇಲ್ಸ್‌ಮನ್. ಗಂಭೀರವಾಗಿ ಕಾಲೆತ್ತಿ ಹಾಕಿ ಕೂತೆ. ಕಾಲುಗಳು ತಾವಾಗಿಯೇ ಹೋಗಿ ತಮ್ಮ ಜಾಗ ಹುಡುಕಿಕೊಂಡವು. ಕೈಗಳು ಹಿಂದಕ್ಕೆ ಹೋಗಿ ಕಬ್ಬಿಣದ ಚೌಕಟ್ಟನ್ನು ಭದ್ರವಾಗಿ ಹಿಡಿದವು. ಬಹಳ ಹಿತವೆನಿಸಿತು, ಊರಿಗೆ ಬಂದಷ್ಟು. ಹ್ಯಾಂಡಲ್ ಮಾತ್ರ ಯಾಕೋ ದೂರ ಇದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಸೇಲ್ಸ್‌ಮನ್ ಸ್ವೀಡಿಷರಿಗೆ ಮಾತ್ರ ಸಾಧ್ಯವಾದ ಸೌಜನ್ಯದಿಂದ, "ಓಡಿಸುವವರ ಸೀಟನ್ನೂ ನೋಡಬೇಕೆಂದರೆ ಸ್ವಲ್ಪ ಮುಂದೆ ಬರಬಹುದು," ಎಂದ.

ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ.

ವಸುಧಾ ನಕ್ಕಳು. "ಯಾರಿಗ್ ಕಾಯ್ತಿದೀರಾ?" ಎಂದಳು. ನಾನೂ ನಕ್ಕೆ. ಆದರೆ ಕೈಗಳು ಇನ್ನೂ ಹಿಂದಿನ ಚೌಕಟ್ಟನ್ನು ಬಿಟ್ಟಿರಲಿಲ್ಲ. ಬಾಯಿ ಸುಳ್ಳು ಹೇಳಬಹುದು, ತಲೆ ಕಥೆ ಕಟ್ಟಬಹುದು. ಪಾದಕ್ಕೆ ಕಥೆ ಕಟ್ಟುವ ಅಭ್ಯಾಸವಿಲ್ಲ. ಇಪ್ಪತ್ತೈದು ವರ್ಷಗಳಾದ ಮೇಲೆ ಬೈಕು ಹತ್ತಿಸಿದರೆ ಅದು ನೇರವಾಗಿ ತಾನು ಹಿಂದೆ ಕಾಲಿಡುತ್ತಿದ್ದ ಹಳೆಯ ಮೆಟ್ಟಿಗೇ ಹೋಗುತ್ತದೆ. ಮುಂದೆ ಸರಿದು ಕೂತು ಹ್ಯಾಂಡಲ್ ಹಿಡಿದಾಗ, ಎಡಗೈಯ ಕ್ಲಚ್ಚು ನನ್ನನ್ನು ಗುರುತಿಸಲೇ ಇಲ್ಲ.

ಮನೆಗೆ ಬಂದು ನನ್ನನ್ನು ನಾನೇ ಪಾಟೀಸವಾಲಿಗೆ ನಿಲ್ಲಿಸಿಕೊಂಡೆ. ಕಾಲೇಜಿಗೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದದ್ದು ನಿಜ, ಅದಕ್ಕೆ ಬಿದ್ದ ಗಾಯದ ಸಾಕ್ಷಿಯಿದೆ. ಗೇರಿನ ಬೈಕು? ಹಂಪಿಯ ದಾರಿಯಲ್ಲಿ ಗೇರು ಬದಲಿಸಿದ ಒಂದೇ ಒಂದು ನೆನಪು ಸಿಗಲಿಲ್ಲ. ಆದರೆ ಕನ್ನಡಿಯಿತ್ತಲ್ಲ! ಕನ್ನಡಿಯಲ್ಲಿ ನನ್ನ ಮುಖ ಕಂಡದ್ದು ಗಾಳಿಮಾತಲ್ಲ. ಆ ಧೈರ್ಯದ ಮೇಲೆ ನಾಗರಾಜನಿಗೆ ಫೋನ್ ಮಾಡಿದೆ. ಅವನು ಈಗ ಹಾಸನದಲ್ಲಿ ಕಾಲೇಜು ಪ್ರಾಂಶುಪಾಲ, ಆದರೂ ನನ್ನೊಡನೆ ಮಾತಾಡುವಾಗ ಹಾಸ್ಟೆಲಿನಲ್ಲೇ ಇದ್ದಾನೆ.

"ಹಂಪಿಗೆ ಹೋದಾಗ ಬೈಕ್ ಯಾರೋ ಓಡಿಸಿದ್ದು?"

"ಇದೇನೋ ಪ್ರಶ್ನೆ? ನಮ್ಮ ಮಾವ ಕೀ ಕೊಟ್ಟಿದ್ದೇ ನೀನು ಮುಟ್ಟಬಾರದು ಅನ್ನೋ ಷರತ್ತಿನ ಮೇಲೆ."

"ಬೀರು ಕನ್ನಡಿಯಲ್ಲಿ ನನ್ನ ಮುಖ ನೋಡಿದ್ದೀನಿ ಕಣೋ."

"ನೋಡದೆ ಇರ್ತೀಯಾ? ನನ್ನ ಭುಜದ ಮೇಲೆ ಗದ್ದ ಇಟ್ಕೊಂಡು ತಲೆ ಬಾಚ್ಕೊಂಡೆ. ಎರಡೂ ಕೈಯಲ್ಲಿ. ಇನ್ನೂ ಸ್ವಲ್ಪ ಹತ್ರ ಹೋಗು, ಬೈತಲೆ ಕಾಣಿಸ್ತಿಲ್ಲ ಅಂತ ಬೇರೆ ಅಂದೆ."

ಅವನು ಹೇಳಿದ ಕ್ಷಣ ಕೈಯಲ್ಲಿ ಆ ಬಾಚಣಿಗೆಯ ಹಲ್ಲುಗಳು ಚುಚ್ಚಿದಂತಾಯಿತು. ನೀಲಿ ಬಾಚಣಿಗೆ. ಎಲ್ಲ ನಿಜ. ಸೂರ್ಯಕಾಂತಿ ಹೊಲವಾದರೂ ಇತ್ತೇ ಎಂದು ಕೇಳಿದೆ.

"ನಂಗೇನ್ ಗೊತ್ತು ಗುರು? ನಾನು ನೋಡಿದ್ದು ಗುಂಡಿ, ಲಾರಿ ಹಿಂಭಾಗ, ಆ ಟೆಂಪೋದ ಬ್ರೇಕ್ ಲೈಟು. ಸೂರ್ಯಕಾಂತಿ, ಹಾಡೋ ಅಜ್ಜಿ, ಅದೆಲ್ಲ ನೀನು ಹೇಳಿದ್ಮೇಲೆ ನಂಗೆ ಗೊತ್ತಾಗಿದ್ದು. ನನ್ನ ಹೆಂಡತಿಗೆ ನಾನೇ ನೋಡಿದ ಹಾಗೆ ಹೇಳಿದೀನಿ, ಹಾಳ್ಮಾಡ್ಬೇಡ."

ಹೀಗೆ ಇಪ್ಪತ್ತೈದು ವರ್ಷ ಅವನು ನನ್ನ ಸೂರ್ಯಕಾಂತಿಗಳನ್ನು ಇಟ್ಟುಕೊಂಡಿದ್ದ, ನಾನು ಅವನ ಹ್ಯಾಂಡಲ್ಲನ್ನು. ಯೋಚಿಸಿದರೆ ಸುಳಿವು ಕಣ್ಣೆದುರೇ ಇತ್ತು. ಅಷ್ಟು ಹೊಲ, ಅಷ್ಟು ಅಜ್ಜಿಯರು, ಅಷ್ಟು ಬೆಟ್ಟಗಳನ್ನು ನೋಡುತ್ತ ಯಾರಾದರೂ ಬೈಕು ಓಡಿಸಿದ್ದರೆ ಅವನು ಹಂಪಿ ತಲುಪುತ್ತಲೇ ಇರಲಿಲ್ಲ.

ಇನ್ನು ವಸುಧಾಳಿಗೆ ಹೇಳಬೇಕು. ಹೇಳಿದರೆ ಬೈಕು ಹೋಯಿತು. ಹೇಳದಿದ್ದರೆ ಇಷ್ಟು ದಿನ ತಪ್ಪಾಗಿದ್ದ ನೆನಪು ಈವತ್ತಿನಿಂದ ಸುಳ್ಳಾಗುತ್ತದೆ. ಅವಳು ಬಟ್ಟೆ ಮಡಚುತ್ತಿದ್ದಳು. ಬಾಚಣಿಗೆಯನ್ನೂ ಬಿಡದೆ ಎಲ್ಲ ಹೇಳಿದೆ. ಅವಳು ಒಂದು ಟವಲನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು.

"ಅಂದ್ರೆ ನೀವು ಯಾವತ್ತೂ ಓಡ್ಸೇ ಇಲ್ಲ."

"ಇಲ್ಲ."

"ಅದು ಗೊತ್ತಾಗಿದ್ದು ಇವತ್ತು."

"ಹೌದು. ಬೈಕ್ ಬೇಡ ಬಿಡು."

ಅವಳು ಇನ್ನೆರಡು ಟವಲು ಮುಗಿಸಿದಳು. "ನಮ್ ದಾಗಿಸ್‌ನಲ್ಲಿ ಜಾರುಬಂಡೆ ಮೇಲಿಂದ ಬೀಳೋದು ಯಾವಾಗ್ಲೂ 'ನಂಗೆ ಬರುತ್ತೆ' ಅನ್ನೋ ಮಗೂನೇ," ಎಂದಳು. "ಬರಲ್ಲ ಅನ್ನೋದು ಅಂಚು ಹಿಡ್ಕೊಂಡು ಇಳಿಯುತ್ತೆ. ಇಷ್ಟು ದಿನ ಬರುತ್ತೆ ಅನ್ನೋರಿಗೆ ಒಪ್ಪಿಗೆ ಕೊಟ್ಟಿದ್ನಲ್ಲ, ಅದು ನೆನೆಸ್ಕೊಂಡ್ರೆ ಈಗ ಭಯ ಆಗ್ತಿದೆ. ಮೊದ್ಲು ಕಲೀರಿ. ಬೈಕ್ ಆಮೇಲೆ ನೋಡೋಣ."

ಬೈಕು ಓಡಿಸಬಲ್ಲವನಿಗೆ ಸಿಕ್ಕಿದ್ದ ಒಪ್ಪಿಗೆ, ಓಡಿಸಲು ಬಾರದವನಿಗೆ ಕಲಿಯಲೆಂದು ಮತ್ತೆ ಸಿಕ್ಕಿದ್ದು ನನಗೆ ಆ ವಾರದ ಕೊನೆಯ ಆಘಾತ.

ಡ್ರೈವಿಂಗ್ ಶಾಲೆಯ ಶಿಕ್ಷಕಿ ಮೊದಲ ದಿನ, ಹಿಂದೆ ಎಷ್ಟು ಅನುಭವ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಹಾಗೆ ಹೇಳಿದ ಕೂಡಲೇ ಬೆನ್ನಿನ ಮೇಲಿದ್ದ ಮೂಟೆಯೊಂದನ್ನು ಇಳಿಸಿದಂತಾಯಿತು. ಖಾಲಿ ಮೈದಾನದಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನು ಸಾಲಾಗಿ ಇಟ್ಟಿದ್ದರು. ಅವುಗಳ ನಡುವೆ, ನಡೆದುಹೋಗುವವರಿಗಿಂತ ನಿಧಾನವಾಗಿ ಬೈಕು ಓಡಿಸಬೇಕು. ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಅವಳ ದನಿ: ಕ್ಲಚ್ಚು, ನಿಧಾನ, ಚಕ್ರ ನೋಡಬೇಡ, ಮುಂದೆ ನೋಡು. ಎರಡು ಸಲ ಬೀಳಿಸಿದೆ. ಮೂರನೆಯ ಸಲ ಕೊನೆಯ ಶಂಕುವಿನವರೆಗೂ ಹೋದೆ.

ಮನೆಗೆ ಬಂದಾಗ ವಸುಧಾ, "ಹೇಗಿತ್ತು? ಏನೇನ್ ನೋಡಿದ್ರಿ, ಹೇಳಿ," ಎಂದು ಕಥೆಗೆ ಸಿದ್ಧಳಾಗಿ ಕೂತಳು. ಯೋಚಿಸಿದೆ. ಮೈದಾನದ ಪಕ್ಕ ಮರಗಳಿದ್ದವೋ ಗೊತ್ತಿಲ್ಲ. ಬಿಸಿಲಿತ್ತೋ ಮೋಡವೋ, ಶಿಕ್ಷಕಿಯ ಜಾಕೆಟ್ಟು ಯಾವ ಬಣ್ಣದ್ದೋ, ಒಂದೂ ಹೊಳೆಯಲಿಲ್ಲ.

"ಶಂಕು ನೋಡಿದೆ," ಎಂದೆ.

"ಆಮೇಲೆ?"

"ಇನ್ನೊಂದು ಶಂಕು."

ಜೀವನದಲ್ಲಿ ಮೊದಲ ಬಾರಿಗೆ ಒಂದು ಪ್ರಯಾಣದಿಂದ ಹೇಳಿಕೊಳ್ಳಲು ಏನೂ ಇಲ್ಲದೆ ಬಂದಿದ್ದೆ. ಈ ಸಲ ಬೈಕು ಓಡಿಸಿದ್ದು ನಾನೇ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.